ಎಳೆಯ ಮಕ್ಕಳಿಗೆ ಫ್ರೆಂಚ್ ಪಾಠ: ಒಂದು ವಿಚಾರ



ಎರಡನೆಯ ತರಗತಿಯ ಮಗುವಿಗೆ ಫ್ರೆಂಚ್ ಭಾಷೆಯನ್ನು ಕಲಿಸಬೇಕೇ? ಕಲಿಸಿದರೆ ಲಾಭವೆಷ್ಟು, ನಷ್ಟವೆಷ್ಟು? ಕಳೆದ ಒಂದೆರಡು ವರ್ಷಗಳಿಂದ ನಿಮ್ಮಲ್ಲಿ ಹಲವರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದೀರಿ. ಕೂಟಗಲ್ ಸುತ್ತಮುತ್ತಲ ಹಳ್ಳಿಗಳಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಉದ್ಯೋಗ ನಿಮಿತ್ತ ಬೆಂಗಳೂರು ಸೇರಿದವರು ನೀವು. ನಿಮ್ಮ ಮಕ್ಕಳು ಓದುವ ಶಾಲೆಗಳಲ್ಲಿ ಕೆಲವು ‘ಅಂತರರಾಷ್ಟ್ರೀಯ’ ಎಂಬ ವಿಶೇಷಣವನ್ನು ಧರಿಸಿವೆ. ಅಲ್ಲಿ ಆರೇಳು ವರ್ಷದ ಮಕ್ಕಳಿಗೆ ಕನ್ನಡ, ಇಂಗ್ಲಿಷುಗಳ ಜೊತೆಗೆ ಫ್ರೆಂಚನ್ನೂ ಪಾಠಪಟ್ಟಿಗೆ ಸೇರಿಸಲಾಗುತ್ತಿದೆ. ಎಲ್ಲರಿಗೂ ಫೋನಿನಲ್ಲಿ ತುಂಡುತುಂಡಾಗಿ ಉತ್ತರಿಸುವುದಕ್ಕಿಂತ, ಒಮ್ಮೆ ಸಾವಧಾನದಿಂದ ಕುಳಿತು ಬರೆಯುವುದೇ ಲೇಸೆಂದು ತೋರಿತು.

ನಾನು ಫ್ರೆಂಚ್ ಪಂಡಿತನಲ್ಲ. ಮೊಮ್ಮಗಳ ಪುಸ್ತಕವನ್ನು ಅವಳ ಜೊತೆಯಲ್ಲಿಯೇ ಕುಳಿತು ಓದಿ ಅಷ್ಟಿಷ್ಟು ಅರಿತವನು. ಆದರೆ ಎಳೆಯ ಮಕ್ಕಳು ಭಾಷೆಯನ್ನು ಹೇಗೆ ಕಲಿಯುತ್ತಾರೆ ಎಂಬುದನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕರಿಹಲಗೆಯ ಮುಂದೆ ನಿಂತು ಕಂಡಿದ್ದೇನೆ. ಆ ಅನುಭವದ ಬಲದಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಫ್ರೆಂಚ್ ಎಂದೊಡನೆ ಅದು ಏಳು ಸಮುದ್ರದಾಚೆಯ, ನಮಗೆ ಎಳ್ಳಷ್ಟೂ ಸಂಬಂಧವಿಲ್ಲದ ಭಾಷೆಯೆಂದು ಊರಿನ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಇದು ಪೂರ್ತಿ ನಿಜವಲ್ಲ. ನಮ್ಮ ಹೊಟ್ಟೆ ಹೊರೆದ ರೇಷ್ಮೆಯ ಕಸುಬನ್ನೇ ನೋಡಿ. ಹುಳುವಿಗೆ ತಗಲುವ ನಾಲ್ಕು ದೊಡ್ಡ ರೋಗಗಳನ್ನು ನಮ್ಮ ರೈತರು ಗಂಟು ರೋಗ, ಹಾಲು ರೋಗ, ಸಪ್ಪೆ ರೋಗ, ಸುಣ್ಣಕಟ್ಟು ರೋಗ ಎಂದು ಕರೆಯುತ್ತಾರೆ. ಇಲಾಖೆಯವರು ಬಂದು ಇವನ್ನೇ ಪೆಬ್ರಿನ್, ಗ್ರಾಸರಿ, ಫ್ಲಾಚರಿ, ಮಸ್ಕಾರ್ಡಿನ್ ಎನ್ನುತ್ತಾರೆ. ಇವು ಇಂಗ್ಲಿಷ್ ಹೆಸರುಗಳೆಂದೇ ನಾವು ತಿಳಿದಿರುತ್ತೇವೆ; ಆದರೆ ನಾಲ್ಕೂ ಫ್ರಾನ್ಸಿನ ರೇಷ್ಮೆ ಸೀಮೆಯಿಂದ ಬಂದ ಹೆಸರುಗಳು. ಪೆಬ್ರಿನ್ ಎಂಬುದರ ಮೂಲದಲ್ಲಿರುವುದು ದಕ್ಷಿಣ ಫ್ರಾನ್ಸಿನ ಆಡುಮಾತಿನ ಮೆಣಸು. ರೋಗ ತಗಲಿದ ಹುಳುವಿನ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಮೂಡುವುದರಿಂದ ಆ ಹೆಸರು. 1865ರಲ್ಲಿ ಲೂಯಿ ಪಾಶ್ಚರ್ ಮಹಾಶಯನು ಆಲೆಸ್ ಎಂಬ ಪಟ್ಟಣಕ್ಕೆ ಹೋಗಿ ಈ ರೋಗದ ಬೆನ್ನು ಹತ್ತಿದನು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ವಿಧಾನವನ್ನು ಅವನು ತೋರಿಸಿಕೊಟ್ಟನು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಅದೇ ತಾಯಿ ಚಿಟ್ಟೆಯ ಪರೀಕ್ಷೆ. ನಾವು ಹುಳುವಿನ ಮೊಟ್ಟೆಯನ್ನು ‘ಬಿತ್ತನೆ’ ಎನ್ನುವ ಹಾಗೆಯೇ ಫ್ರೆಂಚರೂ ಅದನ್ನು ‘ಗ್ರೆನ್’, ಅಂದರೆ ಬೀಜ, ಎನ್ನುತ್ತಾರೆ. ಗ್ರೈನೇಜ್ ಎಂಬ ಮಾತು ಅದರಿಂದಲೇ ಬಂದಿದೆ. ನೂಲು ತೆಗೆಯುವ ಫಿಲೇಚರ್ ಕೂಡ ಫ್ರೆಂಚರ ‘ಫಿಲ್’ ಎಂಬ ದಾರದಿಂದ ಎಳೆದ ಪದ. ಒಂಬತ್ತು ಸಾವಿರ ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂದು ಹೇಳುವ ಡೀನಿಯರ್ ಎಂಬ ಅಳತೆಯೂ ಫ್ರಾನ್ಸಿನ ಒಂದು ಹಳೆಯ ನಾಣ್ಯದ ಹೆಸರು. ರಾಮನಗರದ ರೀಲರುಗಳ ಬಾಯಲ್ಲಿ ಈ ಮಾತುಗಳು ದಿನವೂ ಆಡುತ್ತವೆ.

ಇನ್ನು ಇತಿಹಾಸಕ್ಕೆ ಬಂದರೆ, ಟಿಪ್ಪು ಸುಲ್ತಾನನು 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದ್ದನು. ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಯು ಬಹುಕಾಲ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡು ಅನಂತರ ಪಾಂಡವಪುರವಾಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಅಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯು ನಮ್ಮವರಂತೆಯೇ ಉಡುಗೆ ತೊಟ್ಟು, ನಮ್ಮವರ ಮಾತನ್ನೇ ಕಲಿತು ಜನರ ನಡುವೆ ಬಾಳಿ, 1823ರಲ್ಲಿ ತಾಯ್ನಾಡಿಗೆ ಮರಳಿದನು.

ಇಷ್ಟನ್ನೂ ಹೇಳಿದ ಉದ್ದೇಶವೊಂದೇ. ಭಾಷೆಯು ಕೆಲಸದ ಜೊತೆಯಲ್ಲಿ, ಬದುಕಿನ ಅಗತ್ಯದ ಜೊತೆಯಲ್ಲಿ ಬಂದಾಗ ಯಾರೂ ಕಲಿಸದೆಯೇ ನಾಲಿಗೆಗೆ ಹತ್ತುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಬಾಯಿಮಾತಿನ ಹರಾಜು ನಡೆಯುತ್ತಿದ್ದ ಕಾಲವನ್ನು ನೆನೆಯಿರಿ. ಈಗ ಅದು ಗಣಕಯಂತ್ರದ ಮೂಲಕ ನಡೆಯುತ್ತದೆ. ಅಂದು ಅಪ್ಪನ ಜೊತೆ ಗೂಡು ತಂದ ಹತ್ತು ವರ್ಷದ ಹುಡುಗನು ಕನ್ನಡದಲ್ಲಿ ಲೆಕ್ಕ ಹಾಕಿ, ಉರ್ದುವಿನಲ್ಲಿ ಚೌಕಾಸಿ ಮಾಡಿ, ತೆಲುಗಿನವರ ಪಿಸುಮಾತನ್ನೂ ಅರಿತುಕೊಳ್ಳುತ್ತಿದ್ದನು. ಆದ್ದರಿಂದ ಎಳೆಯ ತಲೆಗೆ ಮೂರು ಭಾಷೆ ಭಾರವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಭಾರವಾಗುವುದು ಭಾಷೆಯಲ್ಲ, ಅದನ್ನು ಹೊರಿಸುವ ರೀತಿ.

ಫ್ರೆಂಚಿನಲ್ಲಿ ನಮ್ಮ ಮಕ್ಕಳಿಗೆ ಸುಲಭವಾದ ಸಂಗತಿಗಳೂ ಇವೆ. ಇಂಗ್ಲಿಷಿನ ‘ಟಿ’, ‘ಡಿ’ಗಳಿಗೆ ನಾವು ಟಕಾರ, ಡಕಾರಗಳನ್ನು ಹಚ್ಚಿ ಸುಧಾರಿಸಿಕೊಳ್ಳುತ್ತೇವೆ, ಫ್ರೆಂಚರ ಉಚ್ಚಾರವಾದರೋ ಹಲ್ಲಿಗೆ ನಾಲಿಗೆ ತಾಗಿಸುವ ನಮ್ಮ ತಕಾರ, ದಕಾರಗಳಿಗೆ ಹತ್ತಿರ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಫ್ರೆಂಚಿನಲ್ಲಿ ಗೆಳೆಯನಿಗೆ ‘ತ್ಯು’, ಹಿರಿಯರಿಗೆ ‘ವೂ’. ನೀನು, ನೀವು ಎಂಬ ವಿವೇಕವನ್ನು ಮನೆಯಲ್ಲಿಯೇ ಕಲಿತ ಕನ್ನಡದ ಮಗುವಿಗೆ ಇದನ್ನು ಒಂದು ನಿಮಿಷದಲ್ಲಿ ತಿಳಿಸಬಹುದು. ಕಷ್ಟಗಳೂ ಇಲ್ಲದಿಲ್ಲ. ಬರೆದುದನ್ನೆಲ್ಲ ಓದುವ ಕನ್ನಡದ ಕಣ್ಣಿಗೆ, ಪದದ ಕೊನೆಯ ಅಕ್ಷರವನ್ನು ನುಂಗಿಬಿಡುವ ಫ್ರೆಂಚಿನ ಕಾಗುಣಿತ ಒಗಟಿನಂತೆ ಕಾಣುತ್ತದೆ. ಪ್ಯಾರಿಸ್ ಎಂದು ಬರೆದು ಅವರು ‘ಪಾರಿ’ ಎನ್ನುತ್ತಾರೆ. ನಮ್ಮಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಅವರಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಮೇಜು ಹೆಂಗಸೆಂದು ತಿಳಿದ ದಿನ ನನ್ನ ಮೊಮ್ಮಗಳು ಬಿದ್ದುಬಿದ್ದು ನಕ್ಕಳು. ಹಾಗೆ ನಗುವುದೂ ಒಂದು ಶಿಕ್ಷಣವೇ. ಲೋಕವನ್ನು ನಮ್ಮ ರೀತಿಯಲ್ಲಿಯೇ ಎಲ್ಲರೂ ವಿಂಗಡಿಸುವುದಿಲ್ಲ ಎಂಬ ಅರಿವು ಆ ನಗೆಯಲ್ಲಿ ಅಡಗಿದೆ.

ಹಾಗಾದರೆ ಬೇಗನೆ ಆರಂಭಿಸುವುದೇ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಮ್ಮಲ್ಲಿಯೇ ಇದೆ. ಆದರೆ ಈ ಗಾದೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದ ಉದಾಹರಣೆಗಳಿವೆ. ಅವುಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು.

ಮೊದಲನೆಯದು ಇಂಗ್ಲೆಂಡಿನದು. 1964ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಎಂಟು ವರ್ಷದ ಮಕ್ಕಳಿಗೆ ಫ್ರೆಂಚ್ ಕಲಿಸುವ ಪ್ರಯೋಗವೊಂದು ಆರಂಭವಾಯಿತು. ಹತ್ತು ವರ್ಷ ಸಾವಿರಾರು ಮಕ್ಕಳನ್ನು ಹಿಂಬಾಲಿಸಿದ ಕ್ಲೇರ್ ಬರ್ಸ್ಟಾಲ್ ಎಂಬ ವಿದುಷಿ 1974ರಲ್ಲಿ ವರದಿಯನ್ನು ಪ್ರಕಟಿಸಿದರು. ಎಂಟನೆಯ ವಯಸ್ಸಿಗೆ ಆರಂಭಿಸಿದವರನ್ನೂ ಹನ್ನೊಂದಕ್ಕೆ ಆರಂಭಿಸಿದವರನ್ನೂ ಹದಿನಾರನೆಯ ವಯಸ್ಸಿನಲ್ಲಿ ಹೋಲಿಸಿದಾಗ, ಬೇಗ ಆರಂಭಿಸಿದವರು ಮುಂದಿದ್ದುದು ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಮಾತ್ರ. ಉಳಿದಂತೆ ಮೂರು ವರ್ಷದ ಮುಂಗಡ ಎಲ್ಲಿಯೋ ಕರಗಿಹೋಗಿತ್ತು. ವಾರದಲ್ಲಿ ಸಿಕ್ಕಿದ್ದು ಕೆಲವೇ ಗಂಟೆ; ಭಾಷೆ ಬಲ್ಲ ಉಪಾಧ್ಯಾಯರ ಕೊರತೆ; ಅದಕ್ಕೂ ಮಿಗಿಲಾಗಿ, ಪ್ರೌಢಶಾಲೆಗೆ ಹೋದಾಗ ಮೊದಲೇ ಕಲಿತವರನ್ನೂ ಹೊಸಬರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ಮತ್ತೆ ಮೊದಲ ಪಾಠದಿಂದಲೇ ಶುರುಮಾಡಿದ ಪ್ರಸಂಗಗಳು. ಆ ವರದಿಯ ನಂತರ ಸರಕಾರದ ಉತ್ಸಾಹ ತಣ್ಣಗಾಯಿತು. ನಲವತ್ತು ವರ್ಷ ಕಳೆದ ಮೇಲೆ, 2014ರ ಸೆಪ್ಟೆಂಬರಿನಿಂದ, ಇಂಗ್ಲೆಂಡಿನಲ್ಲಿ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಮತ್ತೆ ಒಂದು ಅನ್ಯಭಾಷೆಯನ್ನು ಕಡ್ಡಾಯ ಮಾಡಲಾಯಿತು.

ಎರಡನೆಯದು ಕೆನಡಾದ ಮಾಂಟ್ರಿಯಲ್ ನಗರದ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ 1965ರಲ್ಲಿ ನಡೆದದ್ದು. ಅಲ್ಲಿ ಇಂಗ್ಲಿಷ್ ಮಾತಾಡುವ ತಂದೆತಾಯಿಗಳೇ ಒತ್ತಾಯಿಸಿ, ತಮ್ಮ ಶಿಶುವಿಹಾರದ ಮಕ್ಕಳಿಗೆ ಇಡೀ ದಿನದ ಪಾಠವನ್ನು ಫ್ರೆಂಚಿನಲ್ಲಿಯೇ ನಡೆಸುವಂತೆ ಮಾಡಿದರು. ಎರಡನೆಯ ತರಗತಿಯಿಂದ ಇಂಗ್ಲಿಷ್ ಪಾಠ ಸೇರಿಕೊಂಡಿತು. ಆ ಮಕ್ಕಳು ಫ್ರೆಂಚಿನಲ್ಲಿ ಬಹುದೂರ ಸಾಗಿದರು. ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ. ಏಕೆ? ಕಲಿಸಿದವರಿಗೆ ಫ್ರೆಂಚ್ ನೀರು ಕುಡಿದಷ್ಟು ಸಲೀಸಾಗಿತ್ತು. ದಿನವಿಡೀ ಆ ಭಾಷೆ ಕಿವಿಗೆ ಬೀಳುತ್ತಿತ್ತು. ಬೀದಿಗೆ ಬಂದರೆ ಅದನ್ನು ಆಡುವ ಜನರಿದ್ದರು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಮನೆಯ ಭಾಷೆಯಾದ ಇಂಗ್ಲಿಷಿಗೆ ಯಾವ ಅಪಾಯವೂ ಇರಲಿಲ್ಲ. ಅಂಗಡಿ, ಪತ್ರಿಕೆ, ಚಲನಚಿತ್ರ, ಉದ್ಯೋಗ ಎಲ್ಲವೂ ಅದನ್ನು ಕಾಯುತ್ತಿದ್ದವು.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸತ್ಯ ತಾನಾಗಿ ಗೋಚರಿಸುತ್ತದೆ. ಬೇಗ ಆರಂಭಿಸುವುದರಲ್ಲಿಯೇ ಯಾವ ಮಂತ್ರಶಕ್ತಿಯೂ ಇಲ್ಲ. ಯಾರು ಕಲಿಸುತ್ತಾರೆ, ಎಷ್ಟು ಹೊತ್ತು ಕಲಿಸುತ್ತಾರೆ, ಮುಂದಿನ ತರಗತಿಯಲ್ಲಿ ಅದು ಮುಂದುವರಿಯುತ್ತದೆಯೇ, ಮನೆಯ ಮಾತು ಭದ್ರವಾಗಿದೆಯೇ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಎಲ್ಲವೂ ಅಡಗಿದೆ.

ನಮ್ಮೂರಿನವರಿಗೆ ಇದನ್ನು ಹುಳು ಸಾಕಣೆಯ ಮಾತಿನಲ್ಲಿಯೇ ಹೇಳಬಹುದು. ಹುಳು ಮೊಟ್ಟೆಯೊಡೆದು ಬಂದು ಗೂಡು ಕಟ್ಟುವ ಮುನ್ನ ನಾಲ್ಕು ಜ್ವರಗಳನ್ನು ದಾಟಬೇಕು. ಮೊದಲ ಎರಡು ಜ್ವರಗಳವರೆಗಿನದು ಚಾಕಿ. ಆಗ ಹುಳು ತಿನ್ನುವ ಸೊಪ್ಪು ಅತ್ಯಲ್ಪ. ತನ್ನ ಆಯುಷ್ಯದಲ್ಲಿ ತಿನ್ನುವುದರ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗವನ್ನು ಅದು ತಿನ್ನುವುದು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ. ಹಾಗೆಂದು ಚಾಕಿಯನ್ನು ಯಾರ ಕೈಗೆ ಬೇಕಾದರೂ ಒಪ್ಪಿಸುವರೇ? ಇಲ್ಲ. ಕುಡಿ ಸೊಪ್ಪನ್ನೇ ಆರಿಸಿ, ಸಣ್ಣಗೆ ಹೆಚ್ಚಿ, ಶಾಖ ತೇವಗಳನ್ನು ಹದವಾಗಿ ಕಾಯುವ ನುರಿತ ಕೈ ಅದಕ್ಕೆ ಬೇಕು. ಇದಕ್ಕಾಗಿಯೇ ಅನೇಕ ರೈತರು ಚಾಕಿ ಕೇಂದ್ರಗಳಲ್ಲಿ ಸಾಕಿದ ಹುಳುವನ್ನೇ ಕೊಂಡು ತರುತ್ತಾರೆ. ಚಾಕಿ ಕೆಟ್ಟರೆ ಅನಂತರ ಹೊರೆಗಟ್ಟಲೆ ಸೊಪ್ಪು ಹಾಕಿದರೂ ಚಂದ್ರಿಕೆಯ ಮೇಲೆ ಗೂಡು ಕಾಣುವುದಿಲ್ಲ. ಎಳವೆಯ ಭಾಷಾಶಿಕ್ಷಣವೂ ಹೀಗೆಯೇ. ಪ್ರಮಾಣ ಸ್ವಲ್ಪ ಸಾಕು, ಆದರೆ ಅದು ಎಳೆಯದಾಗಿರಬೇಕು, ರೋಗರಹಿತವಾಗಿರಬೇಕು, ಉಣಿಸುವವರು ಎಲ್ಲರಿಗಿಂತ ನುರಿತವರಾಗಿರಬೇಕು. ನಮ್ಮ ವ್ಯವಸ್ಥೆಯಾದರೋ ಇದಕ್ಕೆ ತಿರುಗುಮುರುಗು. ಚಿಕ್ಕ ಮಕ್ಕಳಿಗೆ ಯಾರಾದರೇನು ಎಂದು, ಆ ಭಾಷೆಯನ್ನು ತಾವೇ ಈಗತಾನೇ ಕಲಿತ ತರುಣ ತರುಣಿಯರನ್ನು ಕೆಳಗಿನ ತರಗತಿಗಳಿಗೆ ನೇಮಿಸುವುದನ್ನು ಕಾಣುತ್ತೇವೆ.

ಇದು ಫ್ರೆಂಚಿಗಷ್ಟೇ ಸೀಮಿತವಾದ ಮಾತಲ್ಲ. ನಮ್ಮ ಸರಕಾರಿ ಕನ್ನಡ ಶಾಲೆಗಳಲ್ಲಿ ಹಿಂದೆ ಐದನೆಯ ತರಗತಿಯಿಂದ ಇದ್ದ ಇಂಗ್ಲಿಷನ್ನು 2007-08ರಲ್ಲಿ ಒಂದನೆಯ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸಲು ಆರಂಭಿಸಲಾಯಿತು. ಬಡವರ ಮಕ್ಕಳಿಗೂ ಆ ಬಾಗಿಲು ತೆರೆಯಬೇಕೆಂಬ ಉದ್ದೇಶ ನ್ಯಾಯವಾದದ್ದೇ; ಅದನ್ನು ಹೀಗಳೆಯುವವನು ನಾನಲ್ಲ. ಆದರೆ ಎಲ್ಲ ವಿಷಯಗಳನ್ನೂ ಒಬ್ಬರೇ ಕಲಿಸುವ ಹಳ್ಳಿಯ ಶಾಲೆಯಲ್ಲಿ, ಇಂಗ್ಲಿಷ್ ಮಾತನಾಡುವ ರೂಢಿಯೇ ಇಲ್ಲದ ಗುರುಗಳ ಕೈಗೆ ಆ ಪುಸ್ತಕ ಬಂದಾಗ ನಡೆಯುವುದೇನು? ಮಕ್ಕಳು ಪದ್ಯವನ್ನು ಕಂಠಪಾಠ ಮಾಡುತ್ತಾರೆ; ಹೆಸರು ಕೇಳಿದರೆ ಒಂದೇ ರಾಗದಲ್ಲಿ ಉತ್ತರ ಕೊಡುತ್ತಾರೆ; ಪ್ರಶ್ನೆಯ ಕ್ರಮ ಬದಲಾಯಿಸಿದರೆ ತಬ್ಬಿಬ್ಬಾಗುತ್ತಾರೆ. ಇದರಲ್ಲಿ ಗುರುಗಳ ದೋಷವೂ ಇಲ್ಲ, ಮಕ್ಕಳ ದೋಷವೂ ಇಲ್ಲ. ಮೊದಲು ಕಲಿಸುವವರನ್ನು ಕಲಿಸಬೇಕಿತ್ತು. 2019-20ರಲ್ಲಿ ಸರಕಾರವು ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದಾಗಲೂ ಇದೇ ಪ್ರಶ್ನೆ ಎದ್ದಿತು.

ಎಳೆಯ ಮಗು ಭಾಷೆಯನ್ನು ಕಿವಿಯಿಂದ ಕಲಿಯುತ್ತದೆಯೇ ಹೊರತು ಕಣ್ಣಿನಿಂದಲ್ಲ. ನಮ್ಮ ರಾಮನಗರದಲ್ಲಿಯೇ ಹುಟ್ಟಿದ ಜಿ. ಪಿ. ರಾಜರತ್ನಂ ಅವರು ಈ ಗುಟ್ಟನ್ನು ಬಲ್ಲವರಾಗಿದ್ದರು. ಅವರ ಶಿಶುಗೀತೆಗಳನ್ನು ಕೇಳಿದ ಮಗುವಿಗೆ ಮೊದಲು ದಕ್ಕುವುದು ತಾಳ, ಆಮೇಲೆ ಮಾತು, ಎಲ್ಲಕ್ಕೂ ಕೊನೆಗೆ ಅರ್ಥ. ಫ್ರೆಂಚನ್ನೂ ಹಾಗೆಯೇ ಹಾಡಿನಿಂದ, ಆಟದಿಂದ, ಎಣಿಕೆಯಿಂದ, ನಮಸ್ಕಾರ ಕ್ಷೇಮಸಮಾಚಾರಗಳಿಂದ ಕಲಿಸುವುದಾದರೆ ನನ್ನ ಆಕ್ಷೇಪವಿಲ್ಲ. ಆದರೆ ಏಳು ವರ್ಷದ ಮಗುವಿಗೆ ಕ್ರಿಯಾಪದದ ರೂಪಗಳನ್ನು ಬರೆಸಿ, ವಾರಕ್ಕೊಮ್ಮೆ ಕಿರುಪರೀಕ್ಷೆ ಮಾಡಿ, ಅಂಕ ಕೊಡುವುದು ಶಿಕ್ಷಣವಲ್ಲ, ಶಿಕ್ಷೆ. ವ್ಯಾಕರಣವು ಹನ್ನೊಂದು ಹನ್ನೆರಡರ ಬುದ್ಧಿಗೆ ಬೇಗ ಹತ್ತುತ್ತದೆ. ಅಲ್ಲಿಯವರೆಗೆ ಅದು ಕಾಯಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಫ್ರೆಂಚ್ ಮೊದಲಾದ ವಿದೇಶೀ ಭಾಷೆಗಳನ್ನು ಹೆಸರಿಸಿರುವುದು ಪ್ರೌಢ ಹಂತದಲ್ಲಿಯೇ. ಎಳೆಯರಿಗೆ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು, ಮಾತೃಭಾಷೆಯೇ ಮಾಧ್ಯಮವಾಗಿರಲೆಂದು ಅದು ಹೇಳುತ್ತದೆ.

ಇನ್ನು ನನ್ನ ಮನಸ್ಸನ್ನು ನಿಜವಾಗಿ ಕಲಕುವ ಸಂಗತಿಗೆ ಬರುತ್ತೇನೆ. ನಿಮ್ಮ ಮನೆಗಳಿಗೆ ನಾನು ಬಂದಾಗ ಮಕ್ಕಳು ನನಗೆ ‘ಬೋಂಜೂರ್’ ಹೇಳುತ್ತಾರೆ, ಸಂತೋಷವೇ. ಆದರೆ ಊರಿನಿಂದ ಬಂದ ಅಜ್ಜಿ ‘ಊಟ ಆಯ್ತೇನವ್ವ?’ ಎಂದರೆ ಅದೇ ಮಗು ತಾಯಿಯ ಮುಖ ನೋಡುತ್ತದೆ. ತಾಯಿ ಇಂಗ್ಲಿಷಿನಲ್ಲಿ ಅನುವಾದಿಸುತ್ತಾಳೆ. ಸ್ವಂತ ಅಜ್ಜಿಗೂ ಮೊಮ್ಮಗುವಿಗೂ ನಡುವೆ ದುಭಾಷಿ! ಕನ್ನಡ ಭಾಷಾ ಕಲಿಕಾ ಅಧಿನಿಯಮವು 2015ರಲ್ಲಿಯೇ ಬಂದಿತು. ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು ಅದು ಹೇಳುತ್ತದೆ. ಆದರೆ ಅಜ್ಜಿಯ ಪ್ರಶ್ನೆಗೆ ಉತ್ತರಿಸುವ ಕನ್ನಡವನ್ನು ಯಾವ ಕಾನೂನೂ ಕಲಿಸಲಾರದು. ಅದನ್ನು ಮನೆಯೇ ಕಲಿಸಬೇಕು. ಸೇಂಟ್ ಲ್ಯಾಂಬರ್ಟಿನ ಮಕ್ಕಳಿಗೆ ಇಂಗ್ಲಿಷನ್ನು ಊರೇ ಕಾಯುತ್ತಿತ್ತು. ನಿಮ್ಮ ಮಕ್ಕಳ ಕನ್ನಡವನ್ನು ಬಹುಮಹಡಿ ಕಟ್ಟಡದ ಆ ಆವರಣದಲ್ಲಿ ಕಾಯುವವರು ನಿಮ್ಮನ್ನು ಬಿಟ್ಟರೆ ಇನ್ನಾರು? ಮನೆಯಲ್ಲಿ ಉರ್ದು, ತೆಲುಗು, ತಮಿಳು ಆಡುವ ನನ್ನ ಶಿಷ್ಯರಿಗೂ ಇದೇ ಮಾತು. ನಿಮ್ಮ ಮನೆಯ ಮಾತನ್ನು ಮೊದಲು ಉಳಿಸಿಕೊಳ್ಳಿ.

ಬಂಧುಗಳ ಪೈಕಿ ಮಾಂಟ್ರಿಯಲ್ಲಿನಲ್ಲಿ ನೆಲೆಸಿದವರ ಸ್ಥಿತಿ ಬೇರೆ. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ 1977ರ ಕಾನೂನಿನ ಪ್ರಕಾರ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಯಲ್ಲಿಯೇ ಓದಬೇಕು. ಅಲ್ಲಿ ಫ್ರೆಂಚ್ ಎಂದರೆ ಅನ್ನ, ನೀರು, ನೆರೆಹೊರೆ. ಆ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು, ಕಲಿಯುತ್ತಾರೆ ಕೂಡ. ತನ್ನ ನುಡಿಯನ್ನು ಕಾಪಾಡಿಕೊಳ್ಳಲು ಒಂದು ಜನಾಂಗ ಅಷ್ಟು ಶ್ರಮಿಸುತ್ತಿರುವುದನ್ನು ಕಂಡಾದರೂ ನಾವು ನಮ್ಮ ನುಡಿಯ ವಿಷಯದಲ್ಲಿ ಎಚ್ಚೆತ್ತುಕೊಳ್ಳಬೇಕು. ಫ್ರೆಂಚರಿಂದ ಕಲಿಯತಕ್ಕ ಮೊದಲ ಪಾಠ ಅದೇ ಎಂದು ನನ್ನ ಭಾವನೆ.

ಕೊನೆಯದಾಗಿ, ಕೇಳಿದವರಿಗೆಲ್ಲ ನನ್ನ ಸಲಹೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಶಾಲೆಯವರು ಫ್ರೆಂಚ್ ಇದೆಯೆಂದು ಹೇಳಿದರೆ ಸಂತೋಷಪಟ್ಟು ಹಿಂತಿರುಗಬೇಡಿ. ಒಂದು ದಿನ ಆ ತರಗತಿಯ ಬಾಗಿಲಲ್ಲಿ ನಿಂತು ಕೇಳಿ. ಮಕ್ಕಳು ಮಾತಾಡುತ್ತಿದ್ದಾರೆಯೇ, ಅಥವಾ ನಕಲು ಮಾಡಿ ಬರೆಯುತ್ತಿದ್ದಾರೆಯೇ? ಕಲಿಸುವವರು ಪುಸ್ತಕ ಮುಚ್ಚಿಟ್ಟು ಐದು ನಿಮಿಷ ಆ ಭಾಷೆಯಲ್ಲಿ ಕಥೆ ಹೇಳಬಲ್ಲರೇ? ಈ ವರ್ಷ ಕಲಿತದ್ದು ಐದನೆಯ ತರಗತಿಯಲ್ಲಿಯೂ ಎಂಟನೆಯದರಲ್ಲಿಯೂ ಮುಂದುವರಿಯುವುದೇ, ಇಲ್ಲವೇ ಅಲ್ಲಿ ಮತ್ತೊಂದು ಭಾಷೆಗೆ ಜಿಗಿಯಬೇಕೇ? ಉತ್ತರಗಳು ತೃಪ್ತಿಕರವಾಗಿದ್ದರೆ ಧೈರ್ಯವಾಗಿ ಕಲಿಸಿರಿ. ಇಲ್ಲದಿದ್ದರೆ ಆ ಸಮಯವನ್ನು ಮಗುವಿಗೆ ಆಡಲು ಬಿಡಿ; ಹನ್ನೆರಡನೆಯ ವಯಸ್ಸಿನಲ್ಲಿ ಆರಂಭಿಸಿದರೂ ಫ್ರೆಂಚ್ ಎಲ್ಲಿಗೂ ಓಡಿಹೋಗುವುದಿಲ್ಲ. ಎರಡೂ ಸಂದರ್ಭಗಳಲ್ಲಿ, ಬೇಸಗೆಯ ರಜೆಯ ಒಂದು ತಿಂಗಳು ಮಕ್ಕಳನ್ನು ಊರಿಗೆ ಕಳುಹಿಸಿರಿ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ, ಹುಳುಮನೆಯಲ್ಲಿ ಅಜ್ಜಿಯ ಬೆನ್ನ ಹಿಂದೆ ತಿರುಗುತ್ತಾ ಅವರು ಕಲಿಯುವ ಕನ್ನಡಕ್ಕೆ ಯಾವ ಶಾಲೆಯೂ ಶುಲ್ಕ ಕೇಳಲಾರದು. ಒಂದು ಭಾಷೆಯಲ್ಲಿ ಗಟ್ಟಿಯಾಗಿ ನಿಂತ ಮಗು ಇನ್ನೊಂದಕ್ಕೆ ಸುಲಭವಾಗಿ ಕೈ ಚಾಚುತ್ತದೆ. ಯಾವುದರಲ್ಲಿಯೂ ನಿಲ್ಲದ ಮಗುವಿಗೆ ಎಷ್ಟು ಭಾಷೆಗಳ ಪುಸ್ತಕ ಹೊರಿಸಿದರೂ ಅದು ಕೇವಲ ಹೊರೆ.

ನಿಮ್ಮ ಅನುಭವ ಬೇರೆಯಾಗಿದ್ದರೆ ಸಂಕೋಚಪಡದೆ ಬರೆದು ತಿಳಿಸಿರಿ. ಗುರುವಿನ ಮಾತೆಂದು ತಲೆಯಾಡಿಸುವ ಶಿಷ್ಯರಿಗಿಂತ, ಎದ್ದು ನಿಂತು ಪ್ರಶ್ನೆ ಕೇಳಿದವರೇ ನನಗೆ ಎಂದಿಗೂ ಹೆಚ್ಚು ಪ್ರಿಯರು.